ಜಪಾನ್ ವಾಚು ಎಂದರೆ ಬರೀ ಸೆಲ್ ವಾಚೇ?

ಮೈಸೂರು–ಹುಣಸೂರು ರಸ್ತೆಯ ಇಲವಾಲದಲ್ಲಾಗಲಿ, ನಗರದ ದೇವರಾಜ ಅರಸು ರಸ್ತೆಯಲ್ಲಾಗಲಿ, ಅಳಿಯನಿಗೆ ಕೊಡುವ ವಾಚಿನ ಮಾತು ಬಂದರೆ ಯಾರೂ ಕೇಳದೆಯೇ ಒಂದು ತೀರ್ಪು ಹೊರಬೀಳುತ್ತದೆ: "ದುಬಾರಿಯದೇ ಬೇಕು ಅಂದ್ರೆ ಸ್ವಿಸ್ ತಗೊಳ್ಳಿ. ಜಪಾನ್‌ದು ಏನಿದ್ರೂ ಸೆಲ್ ವಾಚು." ಸೀಕೋ, ಸಿಟಿಜನ್, ಕ್ಯಾಸಿಯೊ ಹೆಸರು ಗೊತ್ತಿಲ್ಲದವರಿಲ್ಲ. ಗಲ್ಫಿನಿಂದ ರಜೆಗೆ ಬಂದ ನೆಂಟರ ಕೈಯಲ್ಲಿ, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗರ ಕೈಯಲ್ಲಿ ಎಲ್ಲರೂ ನೋಡಿದವೇ. ಆ ಸಲುಗೆಯೇ ಅವುಗಳಿಗೆ ಮುಳುವಾಗಿದೆ. ಹಲವು ಲಕ್ಷ ರೂಪಾಯಿಯ ಜಪಾನಿ ವಾಚೂ ಉಂಟು ಎಂದರೆ ನಗುವವರೇ ಹೆಚ್ಚು.

ನಗುವವರು ಮೊದಲು ತಮ್ಮ ಮನೆಯ ಬೀರು ತೆಗೆದು ನೋಡುವುದು ಒಳ್ಳೆಯದು. ಅಲ್ಲಿ ತಾತನ ಎಚ್‌ಎಂಟಿ ಜನತಾ ಇದ್ದರೆ, ಅದರ ಹೊಟ್ಟೆಯೊಳಗೆ ಇರುವುದು ಜಪಾನಿನ ವಿದ್ಯೆಯೇ. "ಎಚ್‌ಎಂಟಿ ಅಪ್ಪಟ ಸ್ವದೇಶಿ, ಜಪಾನ್ ವಾಚುಗಳು ಆಮೇಲೆ ಬಂದು ಅದನ್ನು ಮುಳುಗಿಸಿದವು" ಎಂಬ ಕತೆ ಕರ್ನಾಟಕದಲ್ಲಿ ಗಟ್ಟಿಯಾಗಿ ಬೇರೂರಿದೆ. ನಡೆದದ್ದು ಬೇರೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1961ರಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದಲ್ಲಿ ಎದ್ದದ್ದು. ಅಲ್ಲಿ ತಯಾರಾದ ಮೊದಲ ಕೈಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ.

ಸಾಕ್ಷಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಹಳೆಯ ಎಚ್‌ಎಂಟಿಗಳ ಡಯಲ್ ಮೇಲೆ ಸಣ್ಣ ಅಕ್ಷರದಲ್ಲಿ 'ಪ್ಯಾರಾಶಾಕ್' ಎಂದಿರುತ್ತದೆ. ವಾಚು ಕೈಜಾರಿ ಬಿದ್ದಾಗ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಅಚ್ಚು ಮುರಿಯದಂತೆ ಕಾಯುವ ಪುಟ್ಟ ಸ್ಪ್ರಿಂಗ್ ವ್ಯವಸ್ಥೆ ಅದು. ಸಿಟಿಜನ್ 1950ರ ದಶಕದಲ್ಲಿ ತನ್ನ ವಾಚುಗಳಿಗೆ ಮಾಡಿಕೊಂಡಿದ್ದು, ಹೆಸರಿನ ಸಮೇತ ಜಾಲಹಳ್ಳಿಗೆ ಬಂತು. ಅರ್ಧ ಶತಮಾನ ಅದನ್ನು ಕೈಗೆ ಕಟ್ಟಿಕೊಂಡು ಓಡಾಡಿದವರೇ "ಜಪಾನ್‌ದು ಬರೀ ಸೆಲ್" ಎನ್ನುವುದು ತಮಾಷೆಯ ವಿಷಯ.

ಅದೇ ಡಯಲ್ ಮೇಲೆ '17 ಜ್ಯುವೆಲ್ಸ್' ಎಂದೂ ಇರುತ್ತದೆ. ಇದು ಇನ್ನೊಂದು ದೊಡ್ಡ ಭ್ರಮೆಯ ಮೂಲ. ಒಳಗೆ ಹದಿನೇಳು ಮಾಣಿಕ್ಯವಿದೆ, ಒಡೆದು ಮಾರಿದರೆ ದುಡ್ಡು ಬರುತ್ತದೆ ಎಂದು ನಂಬಿದವರು ಇಂದಿಗೂ ಇದ್ದಾರೆ. ಕಲ್ಲುಗಳು ಇರುವುದು ನಿಜ, ಅವು ಮಾಣಿಕ್ಯ ಎನ್ನುವುದೂ ನಿಜ. ಆದರೆ ಗಣಿಯಿಂದ ಬಂದವಲ್ಲ, ಕುಲುಮೆಯಲ್ಲಿ ಬೆಳೆಸಿದವು. ಫ್ರಾನ್ಸಿನ ಆಗುಸ್ಟ್ ವರ್ನೊಯಿ ಕೃತಕ ಮಾಣಿಕ್ಯ ತಯಾರಿಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ ಮೇಲೆ ಅವು ಅಗ್ಗವಾಗಿ ಸಿಗತೊಡಗಿದವು. ಚಕ್ರಗಳ ಅಚ್ಚು ಸವೆಯದೆ, ಹೆಚ್ಚು ಎಣ್ಣೆ ಕೇಳದೆ ತಿರುಗಲೆಂದು ಅವನ್ನು ಕೂರಿಸುತ್ತಾರೆ. ಮಾಮೂಲಿ ಕೀ ಕೊಡುವ ವಾಚಿಗೆ ಹದಿನೇಳು ಸಾಕು. ಆಟೋಮ್ಯಾಟಿಕ್ ಆದರೆ, ಇನ್ನೂ ಭಾಗಗಳು ಸೇರಿದರೆ, ಸಂಖ್ಯೆ ಏರುತ್ತದೆ. ಹೆಚ್ಚು ಕಲ್ಲು ಎಂದರೆ ಹೆಚ್ಚು ಬೆಲೆಯ ವಾಚು ಎಂಬ ಲೆಕ್ಕ ನಿಲ್ಲುವುದಿಲ್ಲ.

ಇನ್ನು ಸೆಲ್ಲಿನ ಮಾತು. ಸೆಲ್ ವಾಚು, ಅಂದರೆ ಕ್ವಾರ್ಟ್ಜ್, ಹುಟ್ಟಿನಿಂದಲೇ ಅಗ್ಗದ ವಸ್ತು ಎಂಬುದು ಎಲ್ಲಕ್ಕಿಂತ ಹಠಮಾರಿ ನಂಬಿಕೆ. ಮೊದಲ ಕ್ವಾರ್ಟ್ಜ್ ಕೈಗಡಿಯಾರ ಸೀಕೋ ಆಸ್ಟ್ರಾನ್ ಟೋಕಿಯೊದಲ್ಲಿ ಮಾರಾಟಕ್ಕೆ ಬಂದದ್ದು 1969ರ ಡಿಸೆಂಬರ್ 25ರಂದು. ಚಿನ್ನದ ಕೇಸು, ಬೆಲೆ 4,50,000 ಯೆನ್. ಆಗ ಆ ದುಡ್ಡಿಗೆ ಜಪಾನಿನಲ್ಲಿ ಒಂದು ಟೊಯೊಟಾ ಕೊರೊಲಾ ಕಾರು ಬರುತ್ತಿತ್ತು. ತಿಂಗಳಿಗೆ ಐದು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ ಎನ್ನುವುದೇ ಅದರ ಐಷಾರಾಮ. ಕ್ವಾರ್ಟ್ಜ್ ಬೀದಿಗಿಳಿದು ಅಗ್ಗವಾದದ್ದು ಆಮೇಲೆ, ಲಕ್ಷಗಟ್ಟಲೆ ತಯಾರಿಸುವ ವಿದ್ಯೆ ಕೈಗೆ ಬಂದಾಗ.

ಈ ಕತೆಯ ಅರ್ಧವನ್ನು ಮಾತ್ರ ಎಲ್ಲರೂ ಹೇಳುತ್ತಾರೆ: ಜಪಾನಿನ ಕ್ವಾರ್ಟ್ಜ್ ಬಂದು ಸ್ವಿಸ್ಸರ ಹೊಟ್ಟೆಯ ಮೇಲೆ ಹೊಡೆಯಿತು. ಅದು ತನ್ನ ಮನೆಯನ್ನೂ ಬಿಡಲಿಲ್ಲ ಎನ್ನುವುದು ಉಳಿದರ್ಧ. ಸೀಕೋ ತನ್ನ ಅತ್ಯುತ್ತಮ ಕೆಲಸವನ್ನೆಲ್ಲ ಸುರಿದು 1960ರಲ್ಲಿ 'ಗ್ರ್ಯಾಂಡ್ ಸೀಕೋ' ಎಂಬ ಕೀ ಕೊಡುವ ವಾಚು ತಂದಿತ್ತು. ಕ್ವಾರ್ಟ್ಜ್ ಅಲೆಯಲ್ಲಿ ಆ ಸಾಲೇ 1970ರ ದಶಕದ ನಡುವೆ ನಿಂತುಹೋಯಿತು. ಹೆಸರು ಮರಳಿದ್ದು 1988ರಲ್ಲಿ, ಅದೂ ಕ್ವಾರ್ಟ್ಜ್ ಆಗಿ. ಮೆಕ್ಯಾನಿಕಲ್ ಗ್ರ್ಯಾಂಡ್ ಸೀಕೋ ಮತ್ತೆ ಹುಟ್ಟಲು 1998ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಎಚ್‌ಎಂಟಿಯ ಕೈಹಿಡಿದ ಜಪಾನೇ ಅದನ್ನು ಮುಳುಗಿಸಿತು ಎನ್ನುವುದೂ ಅರ್ಧ ಸುಳ್ಳು. ಗಡಿಯಾಚೆ ಹೊಸೂರಿನಲ್ಲಿ 1980ರ ದಶಕದಲ್ಲಿ ಎದ್ದ ಟೈಟಾನ್ ಕ್ವಾರ್ಟ್ಜನ್ನೇ ನೆಚ್ಚಿ, ಅಂದಚಂದದ ಷೋರೂಮು ತೆರೆದು ಗಿರಾಕಿಗಳನ್ನು ಸೆಳೆದುಕೊಂಡಿತು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವನ್ನು ಕೇಂದ್ರ ಸಂಪುಟ ಕೈಗೊಂಡದ್ದು 2016ರ ಜನವರಿಯಲ್ಲಿ.

"ಸೆಕೆಂಡ್ ಮುಳ್ಳು ಟಕ್ ಟಕ್ ಅಂದ್ರೆ ಚೀಪು, ನುಣ್ಣಗೆ ಓಡಿದ್ರೆ ಒರಿಜಿನಲ್" ಎಂದು ವಾಚು ಬಲ್ಲವರೂ ಹೇಳುವುದುಂಟು. ಗ್ರ್ಯಾಂಡ್ ಸೀಕೋದ 9ಎಫ್ ಎಂಬ ಕ್ವಾರ್ಟ್ಜ್ ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲದು. ಇದು ಬಂದದ್ದು 1993ರಲ್ಲಿ. ಕಂಪಿಸುತ್ತ ಸಮಯದ ಲೆಕ್ಕ ಕೊಡಲು ಇದಕ್ಕೆ ಹಾಕುವ ಕ್ವಾರ್ಟ್ಜ್ ಹರಳನ್ನು ಮೂರು ತಿಂಗಳು ವಿದ್ಯುತ್ ಹರಿಸಿ ಪಳಗಿಸುತ್ತಾರೆ, ಆಮೇಲೆ ಸ್ಥಿರವಾಗಿ ನಿಂತವನ್ನು ಮಾತ್ರ ಆರಿಸುತ್ತಾರೆ. ಬಿಸಿಲಿಗೆ, ಚಳಿಗೆ ಹರಳಿನ ಕಂಪನ ಬದಲಾಗುವುದರಿಂದ ವಾಚು ದಿನಕ್ಕೆ 540 ಬಾರಿ ಉಷ್ಣತೆ ಅಳೆದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಸೆಲ್ಲಿನ ಸಣ್ಣ ಶಕ್ತಿಗೆ ಭಾರದ ಮುಳ್ಳು ಎಳೆಯಲಾಗದು, ಅಗ್ಗದ ವಾಚಿನ ಮುಳ್ಳು ತೆಳ್ಳಗಿರುವುದು ಅದಕ್ಕೇ. 9ಎಫ್ ಒಂದೊಂದು ಸೆಕೆಂಡಿಗೂ ಮುಳ್ಳನ್ನು ಎರಡು ತಳ್ಳಿನಲ್ಲಿ ಸರಿಸಿ, ಮೆಕ್ಯಾನಿಕಲ್ ವಾಚಿನಷ್ಟೇ ದಪ್ಪನೆಯ ಮುಳ್ಳನ್ನು ಹೊರುತ್ತದೆ. ಆ ಎರಡು ತಳ್ಳು ಕಣ್ಣಿಗೆ ಕಾಣುವುದಿಲ್ಲ. ಮುಳ್ಳು ಗುರುತಿನ ಮೇಲೆ ನಿಂತಾಗ ನಡುಗದಂತೆ ಹಿಡಿಯಲು ಬೇರೆಯೇ ಒಂದು ಸ್ಪ್ರಿಂಗ್ ಇದೆ. ಇಷ್ಟೆಲ್ಲ ಮಾಡಿದ ಮೇಲೆ ವರ್ಷಕ್ಕೆ ಹತ್ತು ಸೆಕೆಂಡಿನೊಳಗಿನ ತಪ್ಪು. ಸಿಟಿಜನ್ ಇದನ್ನೂ ದಾಟಿ 2019ರಲ್ಲಿ 'ಕ್ಯಾಲಿಬರ್ 0100' ತಂದಿತು: ವರ್ಷಕ್ಕೆ ಒಂದೇ ಸೆಕೆಂಡ್, ಅದೂ ಬೆಳಕಿನಿಂದಲೇ ಓಡುವ ವಾಚು. ಇವೂ ಟಕ್ ಟಕ್ ಎನ್ನುವ ಮುಳ್ಳಿನವೇ.

ಹಾಗಾದರೆ ಬೆಲೆ ಹೆಚ್ಚಿದಷ್ಟೂ ಸಮಯ ಸರಿಯೇ? ಅದೂ ಅಲ್ಲ. ಗ್ರ್ಯಾಂಡ್ ಸೀಕೋ ತನ್ನ ಮೆಕ್ಯಾನಿಕಲ್ ವಾಚುಗಳನ್ನು 17 ದಿನ, ಆರು ಭಂಗಿಗಳಲ್ಲಿಟ್ಟು ಪರೀಕ್ಷಿಸುತ್ತದೆ. ಹಾಗಿದ್ದೂ ದಿನಕ್ಕೆ ಐದು ಸೆಕೆಂಡ್ ಮುಂದೆ, ಮೂರು ಸೆಕೆಂಡ್ ಹಿಂದೆ ಹೋಗಲು ಅನುಮತಿ ಇದೆ. ಕಾಲೇಜು ಹುಡುಗರ ಪ್ಲಾಸ್ಟಿಕ್ ಕ್ಯಾಸಿಯೊ ಎಫ್-91ಡಬ್ಲ್ಯು ತಿಂಗಳಿಗೆ ಮೂವತ್ತು ಸೆಕೆಂಡ್ ತಪ್ಪಬಹುದು, ಅಂದರೆ ದಿನಕ್ಕೆ ಒಂದು. ಬಸ್ಸು ಹಿಡಿಯಲು ಕ್ಯಾಸಿಯೊವೇ ಮೇಲು. ಲಕ್ಷ ಕೊಡುವವರು ಕೊಡುವುದು ಕೈಕೆಲಸಕ್ಕೆ. ಜನತಾ ಸೆಕೆಂಡಿಗೆ ಐದು ಬಾರಿ ಮಿಡಿದರೆ ಗ್ರ್ಯಾಂಡ್ ಸೀಕೋದ ಹೈ-ಬೀಟ್ ಹತ್ತು ಬಾರಿ ಮಿಡಿಯುತ್ತದೆ. ಅಷ್ಟು ಓಟಕ್ಕೆ ಸವೆಯದ ಭಾಗ ಮಾಡುವುದೇ ಅಲ್ಲಿನ ಕಸಬು.

ಸೆಲ್ ಇಲ್ಲ, ಟಕ್ ಟಕ್ ಇಲ್ಲ, ಆದರೆ ಹರಳಿದೆ ಎಂಬ ಮೂರನೆಯ ಜಾತಿಯೂ ಒಂದಿದೆ. ಸ್ಪ್ರಿಂಗ್ ಡ್ರೈವ್. ಇದನ್ನು "ಅದೂ ಬ್ಯಾಟರಿಯದೇ" ಎಂದು ತಳ್ಳಿಹಾಕುವವರು ಬಹಳ. ಸೀಕೋ ಬಳಗದ ಎಂಜಿನಿಯರ್ ಯೋಶಿಕಾಜು ಅಕಹಾನೆ 1977ರಲ್ಲಿ ಇದರ ಕನಸು ಕಂಡರು. 600ಕ್ಕೂ ಹೆಚ್ಚು ಮಾದರಿಗಳಾದವು. ವಾಚು ಮಾರುಕಟ್ಟೆಗೆ ಬಂದ 1999ರ ಹೊತ್ತಿಗೆ ಅವರು ತೀರಿಕೊಂಡಿದ್ದರು. ಇದರಲ್ಲಿ ಶಕ್ತಿ ಪೂರ್ತಿ ಸುತ್ತಿದ ಸ್ಪ್ರಿಂಗಿನದು, ಚಕ್ರಗಳೂ ಮಾಮೂಲಿನವೇ. ಕೊನೆಯಲ್ಲಿ ಮಾತ್ರ, ಟಿಕ್ ಟಿಕ್ ಎಂದು ಚಕ್ರಗಳನ್ನು ತಡೆದು ತಡೆದು ಬಿಡುವ ಭಾಗದ ಬದಲು, ಸೆಕೆಂಡಿಗೆ ಎಂಟು ಸುತ್ತು ತಿರುಗುವ ಒಂದು ಚಕ್ರವಿದೆ. ಅದು ತಿರುಗುವಾಗಲೇ ಚೂರು ವಿದ್ಯುತ್ ಹುಟ್ಟಿ ಹರಳಿಗೆ ಸಾಕಾಗುತ್ತದೆ. ಹರಳು ಲೆಕ್ಕ ನೋಡಿ, ಚಾಮುಂಡಿ ಬೆಟ್ಟ ಇಳಿಯುವ ಬಸ್ಸಿಗೆ ಡ್ರೈವರ್ ಆಗಾಗ ಬ್ರೇಕ್ ಒತ್ತುವ ಹಾಗೆ, ಚಕ್ರಕ್ಕೆ ಅಯಸ್ಕಾಂತದ ಬ್ರೇಕ್ ಹಾಕುತ್ತದೆ. ಮುಳ್ಳು ಎಲ್ಲೂ ನಿಲ್ಲದೆ ಜಾರುತ್ತದೆ.

"ಜಪಾನಿನವರು ಸ್ವಿಸ್ಸರನ್ನು ನೋಡಿ ಕಾಪಿ ಹೊಡೆದರು" ಎನ್ನುವವರಿಗೆ 1960ರ ದಶಕದ ಸ್ಪರ್ಧೆಗಳ ದಾಖಲೆಯೇ ಉತ್ತರ. ಸ್ವಿಟ್ಜರ್ಲೆಂಡಿನ ಖಗೋಳ ವೀಕ್ಷಣಾಲಯಗಳು ನಡೆಸುತ್ತಿದ್ದ ನಿಖರತೆಯ ಸ್ಪರ್ಧೆಗೆ ಸೀಕೋ 1964ರಲ್ಲಿ ಇಳಿಯಿತು. 1968ರ ಜಿನೀವಾ ಸ್ಪರ್ಧೆಯಲ್ಲಿ ಮೊದಲ ಮೂರು ಸ್ಥಾನ ಸ್ವಿಸ್ಸರ ಕ್ವಾರ್ಟ್ಜ್ ಪ್ರಯೋಗಗಳಿಗೆ ಹೋಯಿತು, ಮೆಕ್ಯಾನಿಕಲ್‌ಗಳ ಪೈಕಿ ಅಗ್ರಸ್ಥಾನ ಸೀಕೋಗೆ. ಯಾರು ಸೆಲ್ಲಿನವರು, ಯಾರು ಸ್ಪ್ರಿಂಗಿನವರು ಎಂಬ ನಮ್ಮ ಲೆಕ್ಕ ಅಲ್ಲಿ ಪೂರಾ ತಲೆಕೆಳಗು. ಇಂದು ಸ್ವಿಸ್ ಕಂಪನಿ ಫ್ರೆಡರಿಕ್ ಕಾನ್‌ಸ್ಟಂಟ್ ಸಿಟಿಜನ್ ಬಳಗದ ಸೊತ್ತು.

ಅಭಿಮಾನಿಗಳೂ ಕತೆ ಕಟ್ಟುವುದರಲ್ಲಿ ಹಿಂದೆ ಬಿದ್ದಿಲ್ಲ. ಗ್ರ್ಯಾಂಡ್ ಸೀಕೋದ ಕೇಸು ಕನ್ನಡಿಯಂತೆ ಹೊಳೆಯುವುದಕ್ಕೆ ಕಾರಣವಾದ 'ಝರತ್ಸು' ಪಾಲಿಶನ್ನು ಸಮುರಾಯ್ ಕತ್ತಿ ಉಜ್ಜುವ ಪುರಾತನ ವಿದ್ಯೆ ಎಂದು ಕೆಲವರು ಭಕ್ತಿಯಿಂದ ವರ್ಣಿಸುತ್ತಾರೆ. ಅದು ಯೂರೋಪಿನಿಂದ ತರಿಸಿದ ಪಾಲಿಶ್ ಯಂತ್ರದ ಮೇಲೆ ಇದ್ದ 'ಸಲ್ಲಾಝ್' ಎಂಬ ತಯಾರಕರ ಹೆಸರು, ಜಪಾನಿ ಬಾಯಲ್ಲಿ ಹೊರಳಿದ್ದು. ಯಂತ್ರ ಹೊರಗಿನದು, ಕೈ ಅಲ್ಲಿನದು: ತಿರುಗುವ ತಟ್ಟೆಯ ಮುಖಕ್ಕೆ ಕೇಸನ್ನು ಎಷ್ಟು ಓರೆಯಲ್ಲಿ, ಎಷ್ಟು ಒತ್ತಿ ಹಿಡಿಯಬೇಕು ಎಂಬುದು ವರ್ಷಗಳ ಅಭ್ಯಾಸದಿಂದ ಮಾತ್ರ ಬರುತ್ತದೆ.

ಚಿನ್ನವಿದ್ದರೇ ಐಷಾರಾಮಿ ಎಂಬ ನಮ್ಮ ಮದುವೆಮನೆಯ ನಂಬಿಕೆಗೂ ಇಲ್ಲಿ ಜಾಗ ಕಡಿಮೆ. ಗ್ರ್ಯಾಂಡ್ ಸೀಕೋದ ಹೆಸರುವಾಸಿ 'ಸ್ನೋಫ್ಲೇಕ್' ಟೈಟಾನಿಯಂನದು. ಚಿನ್ನವೇ ಬೇಕೆಂದರೆ ಕ್ಯಾಸಿಯೊ ಕೂಡ 2019ರಲ್ಲಿ 18 ಕ್ಯಾರೆಟ್‌ನ ಜಿ-ಶಾಕ್ ಮಾಡಿತು, ಕೇವಲ 35 ಪ್ರತಿ.

ಕೊಳ್ಳುವವರು ಮೋಸಹೋಗುವ ಜಾಗ ಎರಡು. ಡಯಲ್ ತಳದಲ್ಲಿ 'ಜಪಾನ್ ಮೂವ್‌ಮೆಂಟ್' ಎಂದಿದ್ದರೆ ಒಳಗಿನ ಯಂತ್ರ ಮಾತ್ರ ಜಪಾನಿನದು. ಕೇಸು, ಡಯಲ್, ಜೋಡಣೆ ಎಲ್ಲಿಯದೂ ಆಗಿರಬಹುದು. ಮಿಯೋಟಾ ಯಂತ್ರಗಳನ್ನು ಸಿಟಿಜನ್ ಲೋಕಕ್ಕೆಲ್ಲ ಮಾರುತ್ತದೆ, ಅದನ್ನು ಹಾಕಿದ ವಾಚೆಲ್ಲ ಜಪಾನಿ ವಾಚಲ್ಲ. ಎರಡನೆಯದು ಆನ್‌ಲೈನಿನಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗುವ ಥಳಥಳ 'ಹಳೇ' ಸೀಕೋ 5 ಮತ್ತು ಎಚ್‌ಎಂಟಿಗಳು. ಕಿತ್ತಳೆ, ಗಿಳಿಹಸಿರು ಡಯಲ್ಲಿನ ಇಂಥವುಗಳಲ್ಲಿ ಬಹುಪಾಲು ಹಳೆಯ ಯಂತ್ರಕ್ಕೆ ಹೊಸ ಬಣ್ಣ ಬಳಿದು ಕೂಡಿಸಿದವು. ಅಕ್ಷರಗಳ ಅಂಚು ಒರಟಾಗಿದ್ದರೆ, ಗುರುತುಗಳು ಸಾಲು ತಪ್ಪಿದ್ದರೆ, ಮುಳ್ಳುಗಳು ಒಂದಕ್ಕೊಂದು ಹೊಂದದಿದ್ದರೆ ಅನುಮಾನಿಸಬೇಕು. ತಾತನದೇ ವಾಚು ಕೈಯಲ್ಲಿದ್ದರೆ ಡಯಲ್ಲಿಗೆ ಹೊಸ ಬಣ್ಣ ಹೊಡೆಸಬಾರದು. ಬಣ್ಣಗೆಟ್ಟರೂ ಹಳೆಯದೇ ಇರಲಿ, ಬೆಲೆ ಬಾಳುವುದು ಅದೇ. ಯಂತ್ರವನ್ನು ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿಸಿದರೆ ಸಾಕು. ಆಟೋಮ್ಯಾಟಿಕ್‌ಗೆ ಸರ್ವೀಸ್ ಬೇಡ ಎನ್ನುವುದೂ ತಪ್ಪು: ಗ್ರ್ಯಾಂಡ್ ಸೀಕೋ ತನ್ನ ಮೆಕ್ಯಾನಿಕಲ್ ಮತ್ತು ಸ್ಪ್ರಿಂಗ್ ಡ್ರೈವ್ ವಾಚುಗಳನ್ನೇ ಮೂರು–ನಾಲ್ಕು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿಸಿ ಎನ್ನುತ್ತದೆ. ಸೆಲ್ ವಾಚಾದರೆ ಕೆಲಸ ಇನ್ನೂ ಸುಲಭ. ಸತ್ತ ಸೆಲ್ಲನ್ನು ಒಳಗೇ ಬಿಟ್ಟು ಬೀರುವಿನಲ್ಲಿಡದೆ ತೆಗೆಸಿಬಿಡಬೇಕು, ಸೋರಿದರೆ ಯಂತ್ರವೇ ಹಾಳು.