ವೆಂಬ್ಲಿಯಲ್ಲಿ ಕೇಳಿಬಂದ ಕರಾವಳಿಯ ಹೆಸರು

1980ನೆಯ ಇಸವಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗಳಿಗೆ ರೈಲು ಇರಲಿಲ್ಲ. ಟೆಲಿವಿಷನ್ನಿನ ಮಾತಂತೂ ದೂರವೇ ಉಳಿಯಿತು. ಬೆಂಗಳೂರಿನಲ್ಲಿಯೇ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರಿನಲ್ಲಿ. ಲಂಡನ್ನಿನ ಆಟವೊಂದರ ಫಲಿತಾಂಶ ಈ ಊರುಗಳನ್ನು ಮುಟ್ಟಬೇಕಾದರೆ ಆಕಾಶವಾಣಿಯ ವಾರ್ತೆಯನ್ನು ಆಲಿಸಬೇಕು. ಇಲ್ಲವೆ ಮಣಿಪಾಲದ ಕಡೆಯಿಂದಲೋ, ಘಟ್ಟ ಇಳಿದು ಹುಬ್ಬಳ್ಳಿಯ ಕಡೆಯಿಂದಲೋ ಬರುವ ಪತ್ರಿಕೆಯ ಕಟ್ಟಿಗಾಗಿ ಬಸ್ಸಿನ ದಾರಿ ಕಾಯಬೇಕು. ಆಟವನ್ನು ಕಣ್ಣಾರೆ ಕಾಣುವ ಭಾಗ್ಯ ಇಲ್ಲಿನ ಕ್ರೀಡಾಭಿಮಾನಿಗೆ ಇರಲಿಲ್ಲ. ಅವನದೇನಿದ್ದರೂ ಕಿವಿಯ ಅಭಿಮಾನ, ಮಸಿಯ ಅಭಿಮಾನ.

ಹೀಗಿದ್ದೂ ಆ ವರ್ಷವನ್ನು ಕರಾವಳಿಯ ಹಿರಿಯರು ಇಂದಿಗೂ ನಿನ್ನೆಯದೆಂಬಂತೆ ನೆನೆಯುವುದುಂಟು. ಆ ವರ್ಷದ ಮಾರ್ಚ್ 23ರ ಭಾನುವಾರ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿಯ ಕಟ್ಟಕಡೆಯ ಆಟ ನಡೆಯಿತು. ಇಂಡೊನೇಷ್ಯದ ಲೀಮ್ ಸ್ವಿ ಕಿಂಗ್‌ನನ್ನು 15-3, 15-10ರಿಂದ ಸೋಲಿಸಿ ಪ್ರಶಸ್ತಿ ಗೆದ್ದ ತರುಣನ ಹೆಸರು ಪ್ರಕಾಶ್ ಪಡುಕೋಣೆ. ಆ ಕಿರೀಟವನ್ನು ಅದುವರೆಗೆ ಯಾವ ಭಾರತೀಯನೂ ಧರಿಸಿರಲಿಲ್ಲ.

ಪಡುಕೋಣೆ! ವಾರ್ತೆ ಓದಿದವರಿಗೆ ಅದೊಂದು ಅಡ್ಡಹೆಸರು. ಭಟ್ಕಳದಿಂದ ತೆಂಕಣಕ್ಕೆ ಹೊರಟವನಿಗೆ ಅದೊಂದು ಊರು. ಮರವಂತೆಯ ಆಸುಪಾಸಿನಲ್ಲಿ, ಸೌಪರ್ಣಿಕಾ ನದಿಯ ನೀರಿನ ನಡುವೆ ತೆಂಗು, ಗದ್ದೆಗಳೊಡನೆ ಹರಡಿಕೊಂಡಿರುವ ಹಳ್ಳಿ ಅದು. ಪಡು ಎಂದರೆ ಪಡುವಣ ದಿಕ್ಕು. ಪಡುವಣ ದೇಶದಲ್ಲಿ ಗೆದ್ದವನ ಹೆಸರಿನಲ್ಲಿಯೇ ಪಡುವಣವಿತ್ತೆಂದು ಪದಗಳೊಡನೆ ಆಡುವವರು ಹೇಳಿಕೊಳ್ಳಬಹುದು.

ಈ ಕರಾವಳಿಯ ಚಿತ್ರಾಪುರ ಸಾರಸ್ವತರಲ್ಲಿ ಊರಿನ ಹೆಸರನ್ನೇ ಮನೆತನಕ್ಕಿಟ್ಟುಕೊಳ್ಳುವ ವಾಡಿಕೆ ಬಹಳ ಹಿಂದಿನದು. ಗೋಕರ್ಣ, ಕುಮಟಾ, ಹಳದೀಪುರ, ಹೊನ್ನಾವರ, ಮಂಕೀಕರ, ಮುರ್ಡೇಶ್ವರ, ಬೈಲೂರ, ಕಾಯ್ಕಿಣಿ, ಶಿರಾಲಿ, ಭಟ್ಕಳ ಎಂದು ಅಡ್ಡಹೆಸರುಗಳನ್ನು ಸಾಲಾಗಿ ಉಚ್ಚರಿಸಿದರೆ ಹೆದ್ದಾರಿಯಲ್ಲಿ ಬಸ್ಸು ನಿಲ್ಲುವ ತಾಣಗಳನ್ನೇ ಎಣಿಸಿದಂತಾಗುತ್ತದೆ. ಈ ಸಮಾಜದ ಗುರುಪರಂಪರೆ ಆರಂಭವಾದದ್ದು ಕುಮಟಾ ತಾಲೂಕಿನ ಗೋಕರ್ಣದಲ್ಲಿ. ಅದರ ಮಠ ನೆಲೆನಿಂತದ್ದು ಭಟ್ಕಳ ತಾಲೂಕಿನ ಶಿರಾಲಿಯಲ್ಲಿ. ಕೆಲಸವನ್ನರಸಿ ಮುಂಬಯಿಗೂ ಬೆಂಗಳೂರಿಗೂ ಹೋದ ಕುಟುಂಬಗಳು ಗದ್ದೆ, ತೋಟ, ಮನೆಗಳನ್ನು ಹಿಂದೆ ಬಿಟ್ಟವು. ಊರಿನ ಹೆಸರನ್ನು ಮಾತ್ರ ಬಿಡಲಿಲ್ಲ.

ಇಲ್ಲಿ ನ್ಯಾಯವಾದ ಪ್ರಶ್ನೆಯೊಂದು ಏಳುತ್ತದೆ. ಪ್ರಕಾಶರು ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ಆಟ ಕಲಿತದ್ದೂ ಅಲ್ಲಿಯೇ. ಕಲಿಸಿದ ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಅಲ್ಲಿಯೇ ದುಡಿದವರು. ಹಾಗಿರುವಾಗ ಕುಮಟೆಯ ಪೇಟೆಯಲ್ಲಿಯೋ ಹೊನ್ನಾವರದ ಬಂದರಿನಲ್ಲಿಯೋ ನಿಂತು ‘ನಮ್ಮವನು ಗೆದ್ದ’ ಎಂದು ಎದೆಯುಬ್ಬಿಸಲು ಯಾವ ಹಕ್ಕುಂಟು? ಬರಿಯ ಅಡ್ಡಹೆಸರಿನ ಬಲದಿಂದ ಪರರ ಬೆವರಿನ ಫಲದಲ್ಲಿ ಪಾಲು ಕೇಳುವುದು ಸಲ್ಲುವುದೆ?

ಉತ್ತರವನ್ನು ಹುಡುಕಲು ಮಲ್ಲೇಶ್ವರಕ್ಕೆ ಹೋಗಬೇಕು. ಅಲ್ಲಿ ‘ಕೆನರಾ ಯೂನಿಯನ್’ ಎಂಬ ಸಂಘವಿದೆ. ಹೆಸರೇ ಹೇಳುವಂತೆ ಅದು ಕನ್ನಡ ಜಿಲ್ಲೆಗಳಿಂದ ಬಂದು ಬೆಂಗಳೂರಿನಲ್ಲಿ ಬಿಡಾರ ಹೂಡಿದವರು ಕಟ್ಟಿಕೊಂಡ ಸಂಘ. ಅದರ ಸಭಾಂಗಣ ಮದುವೆ, ಮುಂಜಿಗಳಿಗೆ ಒದಗುತ್ತಿತ್ತು. ಸಮಾರಂಭವಿಲ್ಲದ ದಿನ ಅದೇ ಬ್ಯಾಡ್ಮಿಂಟನ್ ಅಂಗಳ. ಪ್ರಕಾಶರು ಬಹುಕಾಲದ ನಂತರ ತಮ್ಮ ಹೆಣ್ಣುಮಕ್ಕಳಿಗೆ ಬರೆದ ಪತ್ರದಲ್ಲಿ ಈ ಸಂಗತಿಯನ್ನು ನೆನೆದಿದ್ದಾರೆ. ಇಂದು ಮದುವೆಯಿದೆಯೋ ಇಲ್ಲವೋ ಎಂದು ಹುಡುಗರು ದಿನವೂ ವಿಚಾರಿಸಿಕೊಳ್ಳುತ್ತಿದ್ದರು. ಇಲ್ಲವೆಂದಾದರೆ ಶಾಲೆ ಬಿಟ್ಟೊಡನೆ ಅತ್ತ ಓಟ. ಮುಂದೆ ಜಗತ್ತಿಗೇ ಅಗ್ರಗಣ್ಯನಾಗಲಿದ್ದ ಆಟಗಾರನ ಅಭ್ಯಾಸ ಮದುವೆಯ ಮುಹೂರ್ತಗಳ ನಡುವಿನ ಬಿಡುವಿನಲ್ಲಿ ನಡೆಯಿತು! ಲಗ್ನದ ತಿಂಗಳುಗಳಲ್ಲಿ ಆ ಹುಡುಗರ ಮುಖ ಎಷ್ಟು ಬಾಡಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಆದುದರಿಂದ ಕರಾವಳಿ ಕೊಟ್ಟದ್ದು ಕೇವಲ ಹೆಸರನ್ನಲ್ಲ. ಊರು ಬಿಟ್ಟವರು ಪರಊರಿನಲ್ಲಿ ಒಟ್ಟಾಗಿ ಕಟ್ಟಿದ ಒಂದು ಮಾಡು, ನಾಲ್ಕು ಗೋಡೆ, ಗಾಳಿ ಹೊಗದ ಒಂದು ಅಂಗಳ ಇವೂ ಅದರ ಕೊಡುಗೆಯೇ. ಅಭಿಮಾನಿಯ ಹಕ್ಕು ಅಷ್ಟು ಮಾತ್ರದ್ದು. ಅಷ್ಟಾದರೂ ಉಂಟು.

ಗಾಳಿಯ ಮಾತು ಇಲ್ಲಿ ಸುಮ್ಮನೆ ಬಂದುದಲ್ಲ. ಹದಿನಾರು ಗರಿಗಳನ್ನು ಬೆಂಡಿಗೆ ಸಿಕ್ಕಿಸಿ ಮಾಡಿದ ಶಟಲಿನ ತೂಕ ಐದು ಗ್ರಾಂ ಆಸುಪಾಸು. ಸಮುದ್ರದ ಗಾಳಿಗೆ ಅದೊಂದು ತರಗೆಲೆ. ಆದುದರಿಂದಲೇ ನಮ್ಮ ಕಡೆ ಬಯಲಿನಲ್ಲಿ ಉಣ್ಣೆಯ ಚೆಂಡಿನ ಬ್ಯಾಡ್ಮಿಂಟನ್ನೋ ವಾಲಿಬಾಲೋ ಕಬಡ್ಡಿಯೋ ಬೇರೂರಿದಂತೆ ಗರಿಯ ಆಟ ಬೇರೂರಲಿಲ್ಲ. ಅದಕ್ಕೆ ಎತ್ತರದ ಮಾಡು ಬೇಕು, ಮುಚ್ಚಿದ ಗೋಡೆ ಬೇಕು. ಇವನ್ನು ಕಟ್ಟಿಸಲು ಹಣ ಬೇಕು.

ಆ ವರ್ಷ ಆರಂಭವಾದ ಬಗೆಯೂ ವಿಚಿತ್ರವಾಗಿತ್ತು. ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣ. ಅದರ ನೆರಳು ಅರಬ್ಬೀ ಸಮುದ್ರದಿಂದ ಕಾರವಾರ, ಅಂಕೋಲೆಗಳ ತೀರಕ್ಕೆ ಬಂದು ಘಟ್ಟವನ್ನೇರಿ ಒಳನಾಡಿಗೆ ಸಾಗಿತು. ಅದೇ ಸಮಯಕ್ಕೆ ಮುಂಬಯಿಯಲ್ಲಿ ಭಾರತ, ಇಂಗ್ಲೆಂಡ್‌ಗಳ ನಡುವೆ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ ಏರ್ಪಾಡಾಗಿತ್ತು. ಗ್ರಹಣದ ದಿನವನ್ನೇ ಪಂದ್ಯದ ವಿಶ್ರಾಂತಿಯ ದಿನವಾಗಿ ಇಟ್ಟರು. ಭಾರತದ ನಾಯಕ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡಿನ ವಿಕೆಟ್ ಕೀಪರ್ ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದ ಮೇಲೂ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡು ವಿಶ್ವನಾಥ್ ಅವನನ್ನು ಹಿಂದಕ್ಕೆ ಕರೆದರು. ಟೇಲರ್ ಇಯಾನ್ ಬೋಥಮ್‌ಗೆ ಜೊತೆ ಕೊಟ್ಟನು. ಬೋಥಮ್ ಶತಕ ಹೊಡೆದು, ಹದಿಮೂರು ವಿಕೆಟ್ ಕಿತ್ತು, ಪಂದ್ಯವನ್ನು ಹತ್ತು ವಿಕೆಟ್‌ಗಳಿಂದ ಕೊಂಡೊಯ್ದನು. ವಿಶ್ವನಾಥ್ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಚಹಾದ ಗೂಡಂಗಡಿಗಳಿಗೆ ಒಳ್ಳೆಯ ವಸ್ತು. ಸರಿಯೆಂಬುದೇ ಯೋಗ್ಯವಾದ ತೀರ್ಪು. ಆದರೆ ಸೋತ ಸಂಜೆ ಅದನ್ನು ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು.

ಇನ್ನು ವೆಂಬ್ಲಿ. ಪ್ರಕಾಶರು ಅಲ್ಲಿ ಕಾಲಿಟ್ಟಾಗ ಅಪರಿಚಿತರಾಗಿರಲಿಲ್ಲ. 1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಇಂಗ್ಲೆಂಡಿನ ಡೆರೆಕ್ ಟಾಲ್ಬಟ್‌ನನ್ನು ಮಣಿಸಿ ಸ್ವರ್ಣಪದಕ ಪಡೆದಿದ್ದರು. 1979ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಆಯ್ದ ಆಟಗಾರರ ಸ್ಪರ್ಧೆಯನ್ನೂ ಗೆದ್ದಿದ್ದರು. 1980ರಲ್ಲಿ ಡೆನ್ಮಾರ್ಕಿನ ಮತ್ತು ಸ್ವೀಡನ್ನಿನ ಮುಕ್ತ ಪಂದ್ಯಾವಳಿಗಳೂ ಅವರ ಕೈ ಸೇರಿದವು. ಆದರೂ ಆಲ್ ಇಂಗ್ಲೆಂಡಿನ ಮಾತೇ ಬೇರೆ. 1899ರಲ್ಲಿ ಹುಟ್ಟಿದ ಆ ಪಂದ್ಯಾವಳಿ ಬ್ಯಾಡ್ಮಿಂಟನ್ ಲೋಕದ ಕಾಶಿ. ತಮಾಷೆಯೆಂದರೆ, ಈ ಆಟದ ಮೊದಲ ನಿಯಮಗಳನ್ನು ಬ್ರಿಟಿಷ್ ಅಧಿಕಾರಿಗಳು ರೂಪಿಸಿಕೊಂಡದ್ದು ನಮ್ಮ ಪುಣೆಯಲ್ಲಿ. ಪುಣೆಯಿಂದ ಹೋದ ಆಟದ ಪ್ರಶಸ್ತಿ ಹಿಂದಿರುಗಲು ನೂರು ವರ್ಷಗಳೇ ಹಿಡಿದವು.

ಅದಕ್ಕೆ ಮೊದಲು ಪ್ರಯತ್ನ ನಡೆದಿರಲಿಲ್ಲವೆಂದಲ್ಲ. 1947ರಲ್ಲಿ ಲಾಹೋರಿನ ಪ್ರಕಾಶ್ ನಾಥ್ ಅಂತಿಮ ಪಂದ್ಯವನ್ನು ಮುಟ್ಟಿದ್ದರು. ಆ ಬೆಳಿಗ್ಗೆ ಪತ್ರಿಕೆ ತೆರೆದರೆ, ತಮ್ಮ ಊರು ಹೊತ್ತಿ ಉರಿಯುತ್ತಿರುವ ಸುದ್ದಿ. ಅದೇ ಚಿಂತೆಯಲ್ಲಿ ಆಡಿದ ಅವರು ಸ್ವೀಡನ್ನಿನ ಕಾನಿ ಯೆಪ್ಸೆನ್‌ಗೆ ಸೋತರು. 1954ರಲ್ಲಿ ನಂದು ನಾಟೇಕರ್ ಎಂಟರ ಘಟ್ಟಕ್ಕೂ, 1966ರಲ್ಲಿ ದಿನೇಶ್ ಖನ್ನಾ ನಾಲ್ವರ ಘಟ್ಟಕ್ಕೂ ಏರಿ ನಿಂತರು.

ಎದುರಾಳಿ ಕಿಂಗ್ ಸಾಮಾನ್ಯನೆ? 1978, 1979ರ ಪ್ರಶಸ್ತಿಗಳು ಅವನವೇ. ಮೂರನೆಯದನ್ನು ಒಯ್ಯಲು ಬಂದಿದ್ದನು. ನೆಲ ಬಿಟ್ಟು ಚಿಮ್ಮಿ, ಗಾಳಿಯಲ್ಲಿದ್ದಂತೆಯೇ ಶಟಲನ್ನು ಕೆಳಕ್ಕೆ ಅಪ್ಪಳಿಸುವ ಅವನ ಹೊಡೆತವನ್ನು ಕಂಡು ಲೋಕವೇ ಬೆದರಿತ್ತು. ಬಲಕ್ಕೆ ಬಲವನ್ನೊಡ್ಡಿದ್ದರೆ ಆಟ ಬೇಗನೆ ಮುಗಿಯುತ್ತಿತ್ತೋ ಏನೋ. ಪ್ರಕಾಶರು ಹಾಗೆ ಮಾಡಲಿಲ್ಲ. ಹೊಡೆಯಲು ಎತ್ತರದ ಶಟಲನ್ನೇ ಕೊಡದಿದ್ದರೆ ಹೊಡೆಯುವವನು ಏನು ಮಾಡಿಯಾನು? ಬಲೆಯ ಅಂಚಿನಲ್ಲಿ ಬೆರಳಿನಿಂದ ಇಟ್ಟಂತೆ ಬೀಳುವ ಮೃದುವಾದ ಎಸೆತ, ಮರುಕ್ಷಣವೇ ಅಂಗಳದ ಹಿಂದಿನ ಗೆರೆಗೆ ತಳ್ಳು, ಅರ್ಧ ಬಲದ ಸ್ಮ್ಯಾಷ್, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ಮಾಡುವ ವಂಚನೆ. ಆಟದ ವೇಗವನ್ನೇ ಅವರು ತಮ್ಮ ಕೈಗೆ ತೆಗೆದುಕೊಂಡರು. ಸರ್ವಿಸ್ ಮಾಡಿದವನಿಗೆ ಮಾತ್ರ ಅಂಕ ದೊರೆಯುತ್ತಿದ್ದ ಕಾಲವದು. ಆ ಲೆಕ್ಕದಲ್ಲಿ ಹಿಂದಿನ ವರ್ಷದ ವಿಜೇತನಿಗೆ ಮೊದಲ ಆಟದಲ್ಲಿ ಮೂರೇ ಅಂಕ ದಕ್ಕಿತೆಂದರೆ ಏನರ್ಥ! ಎರಡನೆಯ ಆಟದಲ್ಲಿ ಅವನು ಸೆಣಸಿದನು. ಹತ್ತಕ್ಕೆ ಅದೂ ಮುಗಿಯಿತು.

ಇದಿಷ್ಟನ್ನೂ ನಮ್ಮ ಅಭಿಮಾನಿ ಕಂಡವನಲ್ಲ. ಅವನ ಕೈಗೆ ಬಂದದ್ದು ಎರಡು ಅಂಕಿಗಳು ಮತ್ತು ಪತ್ರಿಕೆಯಲ್ಲಿ ಅಚ್ಚಾದ ಮಸುಕು ಚಿತ್ರ. ಉಳಿದುದನ್ನು ಅವನೇ ತುಂಬಿಕೊಳ್ಳಬೇಕಾಯಿತು. ಅಡಿಗೆರೆ ಕಾಣದ ಅಂಗಳವನ್ನು, ಕೇಳದ ಕರತಾಡನವನ್ನು ಅವನು ಎಷ್ಟು ಸಲ ಮನಸ್ಸಿನಲ್ಲಿ ಕಟ್ಟಿಕೊಂಡನೆಂದರೆ, ಮುಂದೆ ಆ ಪಂದ್ಯದ ತುಣುಕುಗಳನ್ನು ತೆರೆಯ ಮೇಲೆ ನೋಡುವ ಕಾಲ ಬಂದಾಗ ಅವು ಅವನಿಗೆ ಕೊಂಚ ಪೇಲವವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಯುರೋಪಿನ ಕ್ರೀಡಾರಂಗಕ್ಕೆ ಆ ವರ್ಷ ಬೇರೆ ವೈಭವಗಳೂ ಇದ್ದವು. ಜುಲೈ 5ರಂದು ವಿಂಬಲ್ಡನ್ನಿನಲ್ಲಿ ಬೋರ್ಗ್ ಮತ್ತು ಮೆಕೆನ್ರೋ ಐದು ಸೆಟ್ಟುಗಳ ಕಾಲ ಹೋರಾಡಿದರು. ನಾಲ್ಕನೆಯ ಸೆಟ್ಟಿನ ಟೈಬ್ರೇಕರ್ ಒಂದರಲ್ಲಿಯೇ 34 ಅಂಕಗಳ ಆಟ ನಡೆಯಿತು. ಕೊನೆಗೆ ಬೋರ್ಗ್ ಸತತ ಐದನೆಯ ಬಾರಿ ಗೆದ್ದನು. ಮಾಸ್ಕೋ ಒಲಿಂಪಿಕ್ಸಿನಲ್ಲಿ ಇಂಗ್ಲೆಂಡಿನ ಕೋ ಮತ್ತು ಓವೆಟ್ ಒಬ್ಬರ ದೂರವನ್ನು ಇನ್ನೊಬ್ಬರು ಗೆದ್ದರು. 800 ಮೀಟರ್ ಓವೆಟ್‌ಗೆ, 1500 ಮೀಟರ್ ಕೋಗೆ. ಅಲ್ಲಿಯೇ ಭಾಸ್ಕರನ್ ನಾಯಕತ್ವದ ಭಾರತದ ಹಾಕಿ ತಂಡ ಸ್ಪೇನನ್ನು 4-3ರಿಂದ ಸೋಲಿಸಿ ಸ್ವರ್ಣಪದಕ ತಂದಿತು. ಆ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು. ಅನೇಕ ರಾಷ್ಟ್ರಗಳು ಬಹಿಷ್ಕಾರ ಹಾಕಿದ್ದರಿಂದ ಹಾಕಿಯಲ್ಲಿ ಆರೇ ತಂಡಗಳಿದ್ದವು. ಆ ಚಿನ್ನದ ಹೊಳಪು ಕಡಿಮೆಯೆಂದು ಕೊಂಕು ನುಡಿದವರಿದ್ದರು. ಆದರೆ ಬಾರದವರನ್ನು ಸೋಲಿಸುವ ವಿದ್ಯೆ ಯಾರಿಗೂ ತಿಳಿಯದು. ಅಂದಿನಿಂದ 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ ಭಾರತದ ಹಾಕಿಗೆ ಮತ್ತೊಂದು ಚಿನ್ನ ದಕ್ಕಿಲ್ಲ.

ಬಹಿಷ್ಕಾರದ ಇಂಥ ನೆರಳು ವೆಂಬ್ಲಿಯ ಜಯದ ಮೇಲೆ ಬಿದ್ದಿರಲಿಲ್ಲ. ಹಿಂದಿನೆರಡು ವರ್ಷಗಳ ವಿಜೇತನೇ ಎದುರಿಗಿದ್ದನು. ಜೊತೆಗೆ ಅದು ಒಬ್ಬಂಟಿಯ ಜಯ. ಹಾಕಿಯ ಬೆನ್ನಿಗೆ ದೊಡ್ಡ ಪರಂಪರೆಯಿತ್ತು. ಪ್ರಕಾಶರ ಬೆನ್ನಿಗೆ ಇದ್ದದ್ದು ತಂದೆ ಮತ್ತು ಮದುವೆಯ ಸಭಾಂಗಣ.

ಗೆಲುವಿನ ವರ್ಷವೆಲ್ಲ ಗೆಲುವೇ ಆಗಿತ್ತೆಂದು ತಿಳಿಯಬಾರದು. ಎಪ್ಪತ್ತರ ದಶಕದುದ್ದಕ್ಕೂ ತಮ್ಮದಾಗಿದ್ದ ರಾಷ್ಟ್ರೀಯ ಪ್ರಶಸ್ತಿಯನ್ನು ಅದೇ 1980ರಲ್ಲಿ ಪ್ರಕಾಶರು ಹದಿಹರೆಯದ ಸೈಯದ್ ಮೋದಿಗೆ ಒಪ್ಪಿಸಬೇಕಾಯಿತು. ಮರುವರ್ಷ ವೆಂಬ್ಲಿಯ ಅಂತಿಮ ಪಂದ್ಯದಲ್ಲಿ ಕಿಂಗ್ ಮುಯ್ಯಿ ತೀರಿಸಿಕೊಂಡನು. 1983ರಲ್ಲಿ ಕೋಪನ್‌ಹೇಗನ್ನಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಪ್ರಕಾಶರಿಗೆ ಕಂಚು ಸಿಕ್ಕಿತು. ಆ ಹೊತ್ತಿಗೆ ಡೆನ್ಮಾರ್ಕೇ ಅವರ ಅಭ್ಯಾಸದ ನೆಲೆಯಾಗಿತ್ತು. ಕರಾವಳಿಯ ಹೆಸರು ಬೆಂಗಳೂರನ್ನೂ ದಾಟಿ ಹೋಗಿತ್ತು. ಆಲ್ ಇಂಗ್ಲೆಂಡಿನ ಪುರುಷರ ಪ್ರಶಸ್ತಿ ಮತ್ತೊಬ್ಬ ಭಾರತೀಯನ ಪಾಲಾಗಲು 2001ರವರೆಗೆ ಕಾಯಬೇಕಾಯಿತು. ಅದನ್ನು ಗೆದ್ದ ಪುಲ್ಲೇಲ ಗೋಪಿಚಂದ್ ಪಳಗಿದ್ದು 1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಕಾಶರ ತರಬೇತಿ ಶಾಲೆಯಲ್ಲಿ.

ಇತ್ತ ಕರಾವಳಿಯಲ್ಲಿ, ಮಾಡಿಲ್ಲದ ಅಂಗಳದಲ್ಲಿ ಅಡಿಕೆ ಮರದ ಎರಡು ಕಂಬ ನೆಟ್ಟು ಬಲೆ ಕಟ್ಟಿ ಶಟಲ್ ಆಡುವ ಹುಡುಗರಿಗೆ ಗಾಳಿಯ ಲೆಕ್ಕ ಚೆನ್ನಾಗಿ ಗೊತ್ತು. ಹೊತ್ತು ಮೂಡಿ ನೆಲ ಬಿಸಿಯಾದ ಮೇಲೆ ಕಡಲಿನ ಗಾಳಿ ಏಳುತ್ತದೆ; ಆಮೇಲೆ ಶಟಲ್ ಯಾರ ಮಾತನ್ನೂ ಕೇಳದು. ಆದುದರಿಂದ ನಸುಕಿನಲ್ಲಿಯೇ ಬಲೆ ಕಟ್ಟುತ್ತಾರೆ. ತೆಂಗಿನ ಗರಿ ಅಲುಗಾಡತೊಡಗಿದೊಡನೆ ಬಿಚ್ಚಿ ಮಡಚಿ ಒಳಗಿಡುತ್ತಾರೆ.