ನಂದಿದ ಲಾಟೀನು

ನಲ್ಲಿಯಲ್ಲಿ ನೀರು ಬಂದರೆ ನಾವು ಜಲಾಶಯವನ್ನು ಕೊಂಡಾಡುತ್ತೇವೆ. ಬಾರದಿದ್ದರೆ ಅಧಿಕಾರಿಗಳನ್ನು ಬಯ್ಯುತ್ತೇವೆ. ಇವೆರಡರ ನಡುವೆ, ರಸ್ತೆಯ ಕಬ್ಬಿಣದ ಮುಚ್ಚಳವನ್ನೆತ್ತಿ ಗುಂಡಿಗಿಳಿದು ವಾಲ್ವನ್ನು ದುರಸ್ತಿ ಮಾಡುವ ಮನುಷ್ಯ ನಮ್ಮ ನೆನಪಿಗೆ ಬರುವುದು ಅಪರೂಪ. ಹಿಂದೆ ಕೆರೆಯ ತೂಬನ್ನು ಕಾಯುತ್ತಿದ್ದ ನೀರುಗಂಟಿಯ ಹೆಸರೇ ನಮ್ಮ ಎಷ್ಟೋ ಊರುಗಳಲ್ಲಿ ಇವನಿಗೂ ಸಂದಿದೆ.

ಬೆಂಗಳೂರಿಗೆ ಕಾವೇರಿ ನೀರು ಬಂದದ್ದು ೧೯೭೪ರಲ್ಲಿ. ಸುಮಾರು ೧೦೦ ಕಿಲೋಮೀಟರ್ ದೂರದಿಂದ, ಸುಮಾರು ೫೦೦ ಮೀಟರ್ ಎತ್ತರಕ್ಕೆ ಏರಿಸಿ ತರುವ ಆ ನೀರನ್ನು ಬೀದಿಬೀದಿಗೆ ಹಂಚುವುದು ನೆಲದಡಿಯ ಈ ವಾಲ್ವುಗಳೇ.

ನಾನು ಎಂಜಿನಿಯರಾಗಿ ಕೆಲಸಕ್ಕೆ ಸೇರಿದ ಹೊಸತು. ಒಂದು ಸಣ್ಣ ಊರಿನಲ್ಲಿ, ಬಹುಕಾಲದಿಂದ ತೆರೆಯದಿದ್ದ ಗುಂಡಿಯೊಂದಕ್ಕೆ ಇಳಿಯಲು ಕಾಲು ಚಾಚಿದ್ದೆ. ಹಿರಿಯ ನೀರುಗಂಟಿಯೊಬ್ಬರು, “ಒಸಿ ತಡೀರಿ ಸ್ವಾಮಿ” ಎಂದು ತೋಳು ಹಿಡಿದು ನಿಲ್ಲಿಸಿದರು. ಹಳ್ಳಿಯವರು ಹಾಳುಬಾವಿಗೆ ಇಳಿಯುವ ಮುನ್ನ ಮಾಡುವಂತೆ, ಲಾಟೀನನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರು. ಆಳುದ್ದ ಇಳಿಯುವಷ್ಟರಲ್ಲಿ ದೀಪ ನಂದಿತು. ಇದು ಚರಂಡಿಯಲ್ಲ, ಕುಡಿಯುವ ನೀರಿನ ಗುಂಡಿ, ಇದರಲ್ಲೇನು ಭಯ ಎಂದುಕೊಂಡಿದ್ದ ನನ್ನ ಕಾಲು ನಡುಗಿತು.

ನೀರು ಶುದ್ಧವಾಗಿದ್ದ ಮಾತ್ರಕ್ಕೆ ಗಾಳಿಯೂ ಶುದ್ಧವಾಗಿರಬೇಕೆಂದಿಲ್ಲ. ಹೊರಗಿನ ಗಾಳಿಯಲ್ಲಿ ನೂರಕ್ಕೆ ಸುಮಾರು ೨೧ ಪಾಲು ಆಮ್ಲಜನಕವಿದೆ. ಮುಚ್ಚಿದ ಗುಂಡಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವಾಗ, ನಿಂತ ನೀರಿನಲ್ಲಿ ಎಲೆ-ಕಸ ಕೊಳೆಯುವಾಗ ಅದು ವ್ಯಯವಾಗುತ್ತದೆ. ಕೊಳೆತದಿಂದ ಹುಟ್ಟುವ ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರವಾದುದರಿಂದ ತಳದಲ್ಲೇ ತಂಗುತ್ತದೆ. ಆಮ್ಲಜನಕ ೧೯.೫ಕ್ಕಿಂತ ಕಡಿಮೆಯಿದ್ದರೆ ಆ ಗಾಳಿ ಅಪಾಯಕರವೆಂದೇ ಎಣಿಕೆ. ೧೦ಕ್ಕಿಂತ ಇಳಿದರೆ, ಕೂಗಿಕೊಳ್ಳುವ ಮೊದಲೇ ಮನುಷ್ಯ ಪ್ರಜ್ಞೆ ತಪ್ಪಬಹುದು.

ಲಾಟೀನು ಅಂದು ನನ್ನನ್ನು ಉಳಿಸಿತು. ಆದರೂ ಅದನ್ನೇ ನಂಬಿರೆಂದು ನಾನು ಹೇಳಲಾರೆ. ಒಳಗೆ ಉರಿಯುವ ಅನಿಲವಿದ್ದರೆ ಆ ದೀಪವೇ ಸ್ಫೋಟಕ್ಕೆ ಕಾರಣವಾದೀತು. ಪಕ್ಕದ ಒಳಚರಂಡಿಯಿಂದ ಜಿನುಗಿ ಬರುವ ಹೈಡ್ರೋಜನ್ ಸಲ್ಫೈಡು ದೀಪಕ್ಕೆ ತಿಳಿಯದು; ಅದರ ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯೇ ಕುಂದುವುದರಿಂದ ಕೊಳೆತ ಮೊಟ್ಟೆಯ ವಾಸನೆಯೂ ನಮ್ಮನ್ನು ಎಚ್ಚರಿಸದು. ಇಂದು ಅಂಗೈಯಗಲದ ಅನಿಲಮಾಪಕಗಳಿವೆ. ಇಳಿಯುವ ಮೊದಲು ಗುಂಡಿಯ ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಗಾಳಿಯಂತ್ರದಿಂದ ಹೊಸ ಗಾಳಿಯೂಡಬೇಕು. ಕೆಲಸ ಮುಗಿಯುವವರೆಗೂ ಅಳೆಯುತ್ತಿರಬೇಕು. ಉದ್ದನೆಯ ಕೀಲಿಯಿಂದ ಮೇಲಿನಿಂದಲೇ ವಾಲ್ವು ತಿರುಗುವಂತಿದ್ದರೆ ಇಳಿಯದಿರುವುದೇ ಲೇಸು.

ಇವೆಲ್ಲಕ್ಕಿಂತ ಕಠಿನವಾದ ನಿಯಮ ಇನ್ನೊಂದಿದೆ. ಒಳಗಿನವನು ಕುಸಿದರೆ ಮೇಲಿನವನು ಹಿಂದೆಯೇ ಧುಮುಕಬಾರದು. ಇಂಥ ಇಕ್ಕಟ್ಟಿನ ಸ್ಥಳಗಳಲ್ಲಿ ಸತ್ತವರಲ್ಲಿ ನೂರಕ್ಕೆ ೬೦ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರೇ ಎಂದು ಅಮೆರಿಕದ ಸರಕಾರೀ ಔದ್ಯೋಗಿಕ ಸುರಕ್ಷತಾ ಸಂಸ್ಥೆಯೊಂದು ೧೯೮೬ರಲ್ಲಿ ಎಚ್ಚರಿಸಿತ್ತು. ಕಣ್ಣೆದುರು ಜೊತೆಗಾರ ಬಿದ್ದಾಗ ಸುಮ್ಮನೆ ನಿಲ್ಲೆಂದರೆ ಯಾರ ಕರುಳು ಒಪ್ಪೀತು? ಆದುದರಿಂದ ಇಳಿಯುವವನ ಮೈಗೆ ಮೊದಲೇ ಪಟ್ಟಿ ಬಿಗಿದಿರಬೇಕು. ಅದರ ಹಗ್ಗ ಮೇಲಿನ ಮುಕ್ಕಾಲಿಯ ರಾಟೆಗೆ ಸೇರಿರಬೇಕು. ಅದನ್ನೆಳೆಯಲು ಒಬ್ಬನು ಅಲ್ಲೇ ಕಾದಿರಬೇಕು. ಆಗ ಅವನ ಕರುಣೆಗೆ ದಾರಿಯಿರುತ್ತದೆ.

ಅಂದು ನಾವು ಗುಂಡಿಯನ್ನು ತೆರೆದಿಟ್ಟು, ಕಾವಲು ಹಾಕಿ ಹಿಂದಿರುಗಿದೆವು. ಊರಿಗೆ ನೀರು ಒಂದು ದಿನ ತಡವಾಯಿತು. ಜನ ಬೈದರು. ನೀರುಗಂಟಿಯವರು ಮರುಮಾತಾಡದೆ ಲಾಟೀನಿನ ಗಾಜು ಒರೆಸುತ್ತಿದ್ದರು. ನಿಮ್ಮ ಬೀದಿಗೆ ನೀರು ತಡವಾದಾಗ, ಕಾರಣ ಇದೂ ಆಗಿರಬಹುದೆಂದು ಒಮ್ಮೆ ಯೋಚಿಸಿ.