ಹೆಡ್‌ಫೋನು: ರೊಕ್ಕಕ್ಕೆ ತಕ್ಕ ಮಾಲು

ಒಂದೇ ಮನೆಯಲ್ಲಿ ಒಬ್ಬರಿಗೆ ಮರಾಠಿ ಬಾತಮಿ ಬೇಕು, ಇನ್ನೊಬ್ಬರಿಗೆ ಕನ್ನಡ ಹಾಡು ಬೇಕು. ಆಗ ಹೆಡ್‌ಫೋನು ನೆನಪಾಗುತ್ತದೆ. ಪೇಟೆಯಲ್ಲಿ ನೂರು ರೂಪಾಯಿಯದೂ ಉಂಟು, ಸಾವಿರಾರು ರೂಪಾಯಿಯದೂ ಉಂಟು. ಯಾವುದನ್ನು ಕೊಳ್ಳಬೇಕು?

ಮೊದಲು, ನೀವು ಯಾವುದರಲ್ಲಿ ಕೇಳುತ್ತೀರಿ ಎಂಬುದನ್ನು ಯೋಚಿಸಿ. ಎಫ್.ಎಂ. ಇರುವ ಮೊಬೈಲಿನಲ್ಲಿ ಸಾಮಾನ್ಯವಾಗಿ ಹೆಡ್‌ಫೋನಿನ ತಂತಿಯೇ ಏರಿಯಲ್ಲಿನ ಕೆಲಸ ಮಾಡುತ್ತದೆ. ನಿಲಯದಿಂದ ದೂರವಿರುವ ಗಡಿಹಳ್ಳಿಗೆ ಇದು ದೊಡ್ಡ ಮಾತು. ಬ್ಲೂಟೂತ್ ಹೆಡ್‌ಫೋನಿಗೆ ಎಷ್ಟೇ ಬೆಲೆ ಕೊಟ್ಟರೂ ಈ ಕೆಲಸ ಅದರಿಂದ ಆಗದು. ಇಂಟರ್ನೆಟ್ಟಿನಲ್ಲಿ ಆಕಾಶವಾಣಿ ಕೇಳುವವರಿಗೆ ಮಾತ್ರ ತಂತಿಯ ಹಂಗಿಲ್ಲ. ಮೀಡಿಯಂ ವೇವ್ ಕೇಳುವವರು ರೇಡಿಯೋ ಪೆಟ್ಟಿಗೆಯನ್ನೇ ತಿರುಗಿಸಿ ನೋಡಬೇಕು. ಅದರ ಏರಿಯಲ್ ಒಳಗೇ ಇರುತ್ತದೆ.

ಅಂಗಡಿಗೆ ನಿಮ್ಮ ಮೊಬೈಲನ್ನೇ ಒಯ್ಯಿರಿ. 3.5 ಮಿಲಿಮೀಟರ್ ಪಿನ್ನು ಅದಕ್ಕೆ ಕೂಡುತ್ತದೆಯೇ ನೋಡಿ. ಹೊಸ ಮೊಬೈಲು ಕೆಲವಕ್ಕೆ ಆ ತೂತೇ ಇಲ್ಲ. ಹಾಡಿಗಿಂತ ಮೊದಲು ಮಾತು ಕೇಳಿ. ಬರೀ ಧಂ ಧಂ ಎನ್ನುವುದರಲ್ಲಿ ವಾರ್ತೆಯ ಅಕ್ಷರ ಮಸುಕಾಗುತ್ತದೆ. ಪಿನ್ನಿನ ಬುಡದಲ್ಲಿ ತಂತಿಯನ್ನು ಮೆಲ್ಲಗೆ ಬಾಗಿಸಿ. ಎರಡೂ ಕಿವಿಗೆ ಸದ್ದು ತಡೆಯದೆ ಬಂದರೆ ಒಳ್ಳೆಯದು. ತಂತಿ ಹೆಚ್ಚಾಗಿ ಹರಿಯುವುದು ಅಲ್ಲಿಯೇ. ವಾರಂಟಿ ಬರೆದ ಪಾವತಿ ಕೇಳಿ ಪಡೆಯಿರಿ. ಪಾವತಿಯಿಲ್ಲದ ಸೋವಿ ಮಾಲು ಕೆಟ್ಟರೆ ಕೇಳುವವರಿಲ್ಲ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೊನೆಯ ಮಾತು: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್, ವಾರಕ್ಕೆ 40 ತಾಸು. ಸದ್ದು ಏರಿದಷ್ಟೂ ತಾಸು ಇಳಿಯಬೇಕು. ರಸ್ತೆಯಲ್ಲಿ ನಡೆಯುವಾಗ ಅದನ್ನು ತೆಗೆದಿಡಿ. ಕೆಟ್ಟ ಹೆಡ್‌ಫೋನು ಮತ್ತೆ ಸಿಗುತ್ತದೆ, ಕೆಟ್ಟ ಕಿವಿಗೆ ಬದಲಿ ಸಿಗದು.